ಮರಳಿ ಬಾರದ ಒಂಬತ್ತು ಮಂದಿ

ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆಸಿ, ಮೇಜಿನ ಮೇಲಿದ್ದ ಫೈಲುಗಳ ರಾಶಿಯನ್ನು ನನ್ನ ಕಡೆ ಸರಿಸಿ, ಒಂದೇ ಪ್ರಶ್ನೆ ಕೇಳಿದರು. ಇವರಲ್ಲಿ ಎಷ್ಟು ಜನ ಬದುಕಿದ್ದಾರೆ? ತೊಂಬತ್ತರ ದಶಕ ಮುಗಿಯುತ್ತ ಬಂದ ದಿನಗಳು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನಾನು ಅಂಕಿಸಂಖ್ಯೆಯ ಸಹಾಯಕನಾಗಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆನಾದರೂ ಅಲ್ಲಿಯವರೆಗೆ ಮಾಡಿದ್ದೆಲ್ಲ ಎಷ್ಟು ಹಾಸಿಗೆ ತುಂಬಿದವು, ಎಷ್ಟು ಹೆರಿಗೆಯಾದವು ಎಂಬ ತಿಂಗಳ ವರದಿ. ಬದುಕಿದವರನ್ನು ಎಣಿಸುವ ಕೆಲಸ ಅದೇ ಮೊದಲು.

ಫೈಲುಗಳ ಮೇಲೆಲ್ಲ ಚರ್ಮದ ಕ್ಯಾನ್ಸರ್ ಎಂದೇ ಬರೆದಿತ್ತು. ಆ ಒಂದು ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳಿದ್ದವು. ಹೆಚ್ಚಿನವರದು ನಿಧಾನವಾಗಿ ಬೆಳೆಯುವ ಹುಣ್ಣು. ಹಳೆಯ ಸುಟ್ಟಗಾಯದ ಮೇಲೆ, ಮೂಗಿನ ಪಕ್ಕ, ಕೆನ್ನೆಯ ಮೇಲೆ ಎದ್ದದ್ದು. ಹೊತ್ತಿಗೆ ಸರಿಯಾಗಿ ಕತ್ತರಿಸಿ ತೆಗೆದರೆ ಬಹುತೇಕ ಅಲ್ಲಿಗೇ ಮುಗಿಯುವಂಥದು. ಉಳಿದದ್ದು ಕಪ್ಪು ಮಚ್ಚೆಯ ಕ್ಯಾನ್ಸರು, ಡಾಕ್ಟರರ ಮಾತಿನಲ್ಲಿ ಮೆಲನೋಮಾ. ನಮ್ಮ ಕಡೆಯ ಜನರಿಗೆ ಅದು ಬಿಸಿಲು ತಾಗುವ ಮೈಮೇಲೆ ಬರುವುದು ಕಡಿಮೆ. ಅಂಗಾಲಿಗೆ, ಹಿಮ್ಮಡಿಗೆ, ಹೆಬ್ಬೆರಳ ಉಗುರಿನ ಕೆಳಗೆ ಬರುತ್ತದೆ. ಆಣಿ ಎಂದುಕೊಂಡು, ಮುಳ್ಳು ಮುರಿದು ಒಳಗುಳಿದಿದೆ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಎರಡನ್ನೂ ಕೂಡಿಸಿ ಎಣಿಸಿದರೆ ಸೌಮ್ಯವಾದದ್ದು ಕ್ರೂರವಾದದ್ದನ್ನು ಮುಚ್ಚಿಬಿಡುತ್ತಿತ್ತು. ಒಂದು ವಾರ ಕೂತು ಬೇರೆ ಮಾಡಿದೆ. ಹನ್ನೆರಡು ವರ್ಷಗಳಲ್ಲಿ ಕಪ್ಪು ಮಚ್ಚೆಯವರು ಇಪ್ಪತ್ತಮೂರು ಜನ.

ಒಬ್ಬೊಬ್ಬರಿಗೆ ಒಂದು ಕಾರ್ಡು ಮಾಡಿದೆ. ಊರು, ವಯಸ್ಸು, ಶಸ್ತ್ರಚಿಕಿತ್ಸೆಯ ತಾರೀಖು, ಕಡೆಯ ಸಲ ತಪಾಸಣೆಗೆ ಬಂದ ತಾರೀಖು. ಎಲ್ಲಕ್ಕಿಂತ ಮುಖ್ಯವಾಗಿ ರೋಗದ ದಪ್ಪ. ಚರ್ಮದ ಮೇಲ್ಪದರದಿಂದ ಗಡ್ಡೆಯ ಅತಿ ಕೆಳಗಿನ ಜೀವಕೋಶದವರೆಗಿನ ಆಳವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಒಂದು ಮಿಲಿಮೀಟರಿನ ಒಳಗಿದ್ದವರ ದಾರಿ ಬೇರೆ, ಮೂರು ನಾಲ್ಕು ದಾಟಿದವರ ದಾರಿ ಬೇರೆ ಎಂದು ವಿಭಾಗದ ಮುಖ್ಯ ಡಾಕ್ಟರರು ಮೊದಲೇ ಹೇಳಿದ್ದರು.

ಆಮೇಲೆ ಗ್ರಾಫ್ ಹಾಳೆ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಬದುಕಿರುವವರ ಪಾಲು. ಮೊದಲ ದಿನ ಎಲ್ಲರೂ ಇರುತ್ತಾರೆ, ಆದ್ದರಿಂದ ಗೆರೆ ಮೇಲಿನ ಅಂಚಿನಿಂದ ಹೊರಡುತ್ತದೆ. ಒಬ್ಬರು ತೀರಿಕೊಂಡಾಗ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬದುಕಿರುವವರು ಕಡೆಯ ಸಲ ಬಂದ ದಿನಕ್ಕೆ ಗೆರೆಯ ಮೇಲೆ ಒಂದು ಸಣ್ಣ ಕಡ್ಡಿ. ತಪಾಸಣೆಗೆ ಬರುವುದನ್ನೇ ಬಿಟ್ಟವರಿಗೂ ಅದೇ ಕಡ್ಡಿ. ಅಲ್ಲಿಯತನಕ ಇದ್ದರು, ಮುಂದೆ ಗೊತ್ತಿಲ್ಲ ಎಂದು ಅರ್ಥ. ಹಾಗೆ ಬಿಟ್ಟವರು ಒಂಬತ್ತು ಜನ. ಪುಸ್ತಕದಲ್ಲಿ ಕಲಿತ ವಿಧಾನ ಅದು, ತಪ್ಪೇನೂ ಮಾಡಲಿಲ್ಲ. ಗೆರೆ ಮೊದಲೆರಡು ವರ್ಷ ಇಳಿದು, ಅರ್ಧಕ್ಕಿಂತ ಸಾಕಷ್ಟು ಮೇಲೆ ಸಪಾಟಾಗಿ ನಿಂತಿತು. ಡಾಕ್ಟರರು ನೋಡಿ ಸಂತೋಷಪಟ್ಟರು. ವೈದ್ಯರ ಸಮ್ಮೇಳನವೊಂದರಲ್ಲಿ ಓದಲು ಪ್ರಬಂಧ ಬರೆಯತೊಡಗಿದರು. ಹೊಸದಾಗಿ ಬಂದ ರೋಗಿಗಳಿಗೆ, ನಮ್ಮಲ್ಲಿ ಮಾಡಿಸಿಕೊಂಡವರು ಹೆಚ್ಚಿನವರು ಆರಾಮ ಇದ್ದಾರೆ ಎಂದು ಧೈರ್ಯ ಹೇಳತೊಡಗಿದರು.

ಹಾಗೆ ಧೈರ್ಯ ಹೇಳಿಸಿಕೊಂಡವರಲ್ಲಿ ಲಕಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಟರ್ನರ್ ಒಬ್ಬರು. ನಲವತ್ತರ ಒಳಗಿನ ವಯಸ್ಸು. ಇಪ್ಪತ್ತು ವರ್ಷದಿಂದ ಲೇಥ್ ಮಷೀನಿನ ಮುಂದೆ ನಿಂತು ಕಬ್ಬಿಣದ ಬುಶ್, ಬೋಲ್ಟುಗಳನ್ನು ಕಡೆದವರು. ಹಿಮ್ಮಡಿಯ ಕಪ್ಪು ಕಲೆಯನ್ನು ಕಬ್ಬಿಣದ ಚೂರು ಹೊಕ್ಕದ್ದೆಂದು ತಿಳಿದು ಒಂದೂವರೆ ವರ್ಷ ಚಪ್ಪಲಿಗೆ ಬಟ್ಟೆ ತುರುಕಿಕೊಂಡು ಓಡಾಡಿದ್ದರು. ದಪ್ಪ ಮೂರೂವರೆ ಮಿಲಿಮೀಟರ್. ಹಿಮ್ಮಡಿಯ ಆ ಭಾಗವನ್ನು ಅಗಲವಾಗಿ ತೆಗೆದು ತೊಡೆಯ ಚರ್ಮ ಹಚ್ಚಿದ್ದರು. ಮನೆಗೆ ಹೋಗುವ ದಿನ ವಿಳಾಸ ಬರೆಸಲು ಕುಂಟುತ್ತ ನನ್ನ ಕೋಣೆಗೆ ಬಂದರು. ಹಾಳೆ ಮೇಜಿನ ಮೇಲೇ ಇತ್ತು. ಇದೇನು ಎಂದು ಕೇಳಿದರು. ತಿಳಿಸಿ ಹೇಳಿದೆ. ನಕ್ಷೆ ಓದಿ ಕೆಲಸ ಮಾಡುವ ಮನುಷ್ಯ, ಬೇಗ ಹಿಡಿದುಕೊಂಡರು.

“ಈ ಗೆರಿ ಇಲ್ಲಿತನಕ ಇಳಕೋತ ಬಂದು, ಇಲ್ಲಿಂದ ಮುಂದ ಯಾಕ ಸಪಾಟ ಆಗೇತ್ರಿ ಸರ?”

ಅಲ್ಲಿಂದ ಮುಂದೆ ಬರುತ್ತಿರುವವರೆಲ್ಲ ಆರಾಮ ಇದ್ದಾರೆ ಎಂದೆ.

“ಬರಲಾರದವರು?”

ಅವರು ಕಡೆಯ ಸಲ ಬಂದ ದಿನದವರೆಗೆ ಮಾತ್ರ ಲೆಕ್ಕದಲ್ಲಿರುತ್ತಾರೆ, ಆಮೇಲೆ ಇರುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಆ ಕಡ್ಡಿಗಳನ್ನು ನೋಡಿದರು.

“ನಮ್ಮಲ್ಲಿ ನೂರು ಬುಶ್ ಮಾಡಿದಾಗ ಒಂದಿಷ್ಟು ಕಾಣವಲ್ಲವು ಅಂದ್ರ, ಅವು ಛಲೋ ಅದಾವು ಅಂತ ಯಾರೂ ಸಹಿ ಮಾಡೂದಿಲ್ರಿ. ಮೊದಲ ಹೋಗಿ ರಿಜೆಕ್ಟ್ ಡಬ್ಬಿ ನೋಡತೇವಿ.”

ಅವರು ಚುಚ್ಚಲು ಹೇಳಿದ ಮಾತಲ್ಲ ಅದು. ವಿಳಾಸ ಬರೆಸಿ, ನಮಸ್ಕಾರ ಮಾಡಿ ಹೋದರು. ನನಗೆ ಮಾತ್ರ ಆ ದಿನ ಬೇರೆ ಕೆಲಸ ಆಗಲಿಲ್ಲ. ನನ್ನ ವಿಧಾನ ಒಂದು ನಂಬಿಕೆಯ ಮೇಲೆ ನಿಂತಿತ್ತು: ಬರುವುದನ್ನು ಬಿಟ್ಟವರೂ ಬರುತ್ತಿರುವವರಂತೆಯೇ ಇದ್ದಾರೆ ಎಂಬ ನಂಬಿಕೆ. ಅದನ್ನು ಯಾರೂ ಹೋಗಿ ನೋಡಿರಲಿಲ್ಲ.

ಒಂಬತ್ತು ಜನರಿಗೂ ಜೋಡು ಕಾರ್ಡು ಹಾಕಿದೆ. ಉತ್ತರ ಬರೆಯಲು ಇನ್ನೊಂದು ಕಾರ್ಡು ಕೂಡಿಕೊಂಡೇ ಇರುವ ಅಂಚೆ ಕಾರ್ಡು ಅದು. ತಿಂಗಳು ಕಾದೆ. ಎರಡು ಕಾರ್ಡು ವಿಳಾಸದಾರರು ಸಿಗಲಿಲ್ಲ ಎಂದು ಹಿಂದೆ ಬಂದವು. ಒಂದಕ್ಕೆ ಉತ್ತರ ಬಂತು, ಬೇರೆಯವರ ಕೈಬರಹದಲ್ಲಿ, ಎರಡೇ ಸಾಲು: ನಮ್ಮ ತಂದೆ ತೀರಿಕೊಂಡಿದ್ದಾರೆ, ಇನ್ನು ಅವರ ಹೆಸರಿಗೆ ಪತ್ರ ಹಾಕಬೇಡಿರಿ. ಉಳಿದ ಆರು ಜನರಿಂದ ಏನೂ ಇಲ್ಲ. ಊರಿಗೆ ಹೋಗಿ ವಿಚಾರಿಸಲು ಅನುಮತಿ ಕೇಳಿದೆ. ಆಸ್ಪತ್ರೆಯಲ್ಲಿ ಅಂಥ ಪದ್ಧತಿ ಇಲ್ಲ ಎಂದು ಆಡಳಿತದವರು ಕಾಗದ ವಾಪಸು ಕೊಟ್ಟರು. ಡಾಕ್ಟರರೂ, ಸಮ್ಮೇಳನ ಹತ್ತಿರ ಬಂದಿದೆ, ಇದ್ದಷ್ಟು ಸಾಕು ಎಂದರು. ನಾನು ರವಿವಾರಗಳಲ್ಲಿ ಹೊರಟೆ.

ನವಲಗುಂದದ ಆಚೆ, ಕುಂದಗೋಳದ ಸುತ್ತ, ಕಲಘಟಗಿಯ ಕಡೆ. ಫೈಲಿನಲ್ಲಿ ಇರುತ್ತಿದ್ದದ್ದು ಊರಿನ ಹೆಸರು, ಮನೆತನದ ಹೆಸರು ಅಷ್ಟೇ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೇಳಿದರೆ, ಕಾಲಿನ ಬ್ಯಾನಿ ಆಗಿತ್ತಲ್ಲ ಅವರ ಮನಿ ಏನ್ರಿ ಎಂದು ಅವರೇ ಗುರುತು ಹಿಡಿಯುತ್ತಿದ್ದರು. ಹಾಗೆ ಕೇಳುವ ದನಿಯಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ಓಣಿ ಹಿಡಿದು ನಡೆಯುವಾಗ, ಆ ಮನುಷ್ಯ ಎದುರಿಗೇ ಕಟ್ಟೆಯ ಮೇಲೆ ಕುಳಿತಿರಲಿ ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ.

ನವಲಗುಂದದ ಆಚೆಯ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದರು. ಅವರ ಗಂಡನ ಹೆಸರು ಹೇಳಿ, ಹುಬ್ಬಳ್ಳಿ ಆಸ್ಪತ್ರೆಯಿಂದ ಬಂದಿದ್ದೇನೆ ಎಂದೆ. ತೀರಿಕೊಂಡು ಮೂರು ವರ್ಷವಾಯಿತು ಎಂದರು. ತಪಾಸಣೆಗೆ ಬರುವುದನ್ನು ಯಾಕೆ ಬಿಟ್ಟರು ಎಂದು ಕೇಳಿದೆ.

“ತೊಡಿ ಸಂದ್ಯಾಗ ಲಿಂಬಿಕಾಯಷ್ಟು ಗಂಟು ಬಂದಿತ್ರಿ. ದವಾಖಾನಿಗೆ ಹೋದ್ರ ಕಾಲು ತಗೀತಾರ ಅಂತ ಅಂಜಿದ್ರು. ಹೋಗಲೇ ಇಲ್ಲ.” ಆಮೇಲೆ ಮೊರ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದರು, “ನೀವು ಅಲ್ಲಿ ಅವರ ಹಾದಿ ನೋಡಾಕತ್ತಿದ್ರೇನು?”

ಯಾರೂ ನೋಡುತ್ತಿರಲಿಲ್ಲ. ನಾನು ತಾರೀಖು ಬರೆದುಕೊಂಡೆ.

ಆರು ಮನೆಗಳಲ್ಲಿ ಐದು ಮನೆಯ ಕಥೆ ಹೆಚ್ಚು ಕಡಿಮೆ ಇದೇ. ಕಾಲಿನ ರೋಗ ತೊಡೆಸಂದಿಗೆ ಹರಡಿ ಮೊದಲು ಗಂಟು, ಆಮೇಲೆ ಭಯ, ಆಮೇಲೆ ಊರಿನ ಔಷಧಿ, ಆಮೇಲೆ ಕೆಮ್ಮು ಅಥವಾ ತಲೆನೋವು. ಆರನೆಯದು ಕಲಘಟಗಿ ಕಡೆಯ ಒಬ್ಬ ಅಜ್ಜಿ. ಅವರು ಹೊಲದಿಂದ ನಡೆದು ಬಂದು, ಕಾಲು ಚೆನ್ನಾಗಿದೆ, ಮತ್ತೆ ಯಾಕೆ ಬರಬೇಕು ಎಂದು ನನ್ನನ್ನೇ ಕೇಳಿದರು. ಅವರ ಅಂಗಾಲಿನ ಮಚ್ಚೆಯ ದಪ್ಪ ಒಂದು ಮಿಲಿಮೀಟರಿನ ಒಳಗಿತ್ತು. ವಿಳಾಸ ಸಿಗದ ಇಬ್ಬರು ಕಡೆಗೂ ಸಿಗಲಿಲ್ಲ.

ಹೊಸ ಹಾಳೆ ತೆಗೆದುಕೊಂಡು ಮತ್ತೆ ಎಳೆದೆ. ಈ ಸಲ ದಪ್ಪದ ಪ್ರಕಾರ ಎರಡು ಗೆರೆ. ತೆಳುವಾಗಿದ್ದವರ ಗೆರೆ ಮೇಲೆಯೇ ಉಳಿಯಿತು. ದಪ್ಪವಿದ್ದವರದು ಅರ್ಧ ದಾಟಿ ಇಳಿದು, ಇನ್ನೂ ಇಳಿಯುತ್ತಲೇ ಹೋಯಿತು. ಹಿಂದಿನ ಹಾಳೆಯಲ್ಲಿ ಸಪಾಟಾಗಿ ಕಂಡ ಜಾಗದಲ್ಲಿ ಈಗ ಮೆಟ್ಟಿಲುಗಳಿದ್ದವು. ಅಲ್ಲಿ ಜನ ಬದುಕಿರಲಿಲ್ಲ, ಅವರ ಸಾವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಡಾಕ್ಟರರಿಗೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡನ್ನೂ ಹೋಲಿಸಿ ನೋಡಿದರು. ಪ್ರಬಂಧದ ಕಾಗದಗಳನ್ನು ಡ್ರಾವರಿನೊಳಗೆ ಹಾಕಿದರು.

“ಎಷ್ಟು ಮಂದಿಗೆ ನಾ ಆರಾಮ ಆಗತದ ಅಂತ ಹೇಳಿ ಕಳಿಸೇನಿ,” ಎಂದರು. ಆಮೇಲೆ, ಈ ಹಾಳೆ ಯಾವ ರೋಗಿಗೂ ತೋರಿಸಬಾರದು ಎಂದರು. ಗುಂಪಿನ ಲೆಕ್ಕವನ್ನು ಒಬ್ಬ ಮನುಷ್ಯನ ಕೈಯಲ್ಲಿಟ್ಟರೆ ಅವನು ಅದನ್ನು ತನ್ನ ಹಣೆಬರಹ ಎಂದು ಓದುತ್ತಾನೆ ಎಂಬುದು ಅವರ ಮಾತು. ಆ ಮಾತಿನಲ್ಲಿ ಎಷ್ಟು ನಿಜವಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಅದೇ ವಾರ ಟರ್ನರರ ಹೆಂಡತಿ ಬಂದರು. ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅವರ ಮನೆತನದಲ್ಲಿ ತಂದೆಯೂ ಮಾಸ್ತರರು, ಅಣ್ಣನೂ ಮಾಸ್ತರರು. ನಾನು ಹಳ್ಳಿಹಳ್ಳಿ ತಿರುಗುತ್ತಿರುವುದು ಗಂಡನಿಗೆ ಯಾರಿಂದಲೋ ಗೊತ್ತಾಗಿದೆಯೆಂದೂ ಮುಂದಿನ ಸಲ ಬಂದಾಗ ಕೇಳದೆ ಬಿಡುವುದಿಲ್ಲವೆಂದೂ ಹೇಳಿದರು.

“ಅವರು ಧೈರ್ಯದ ಮ್ಯಾಲ ನಡ್ಯಾಕತ್ತಾರ್ರಿ ಸರ. ನೀವು ತಂದದ್ದು ಏನೈತೋ ನನಗೂ ಬ್ಯಾಡ, ಅವರಿಗೂ ಹೇಳಬ್ಯಾಡ್ರಿ.”

ಡಾಕ್ಟರರು ಹೇಳಿದಂತೆ ಮಾಡುತ್ತೇನೆ ಎಂದೆ. ಅದು ಮಾತು ಕೊಟ್ಟಂತೆಯೇ ಆಯಿತು.

ಟರ್ನರ್ ಮೂರು ತಿಂಗಳ ತಪಾಸಣೆಗೆ ಬಂದರು. ಹಿಮ್ಮಡಿ ಮಾಯ್ದಿತ್ತು. ನೇರ ನನ್ನ ಕೋಣೆಗೆ ಬಂದು ಕುಳಿತು, ಆ ಒಂಬತ್ತು ಮಂದಿ ಸಿಕ್ಕರೇ ಎಂದು ಕೇಳಿದರು. ಇಲ್ಲ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಮೊದಲ ಗೆರೆಯನ್ನು ಅವರಿಗೆ ತೋರಿಸಿದವನು ನಾನೇ. ಅದು ಅವರ ತಲೆಯಲ್ಲಿ ಹಾಗೆಯೇ ಇತ್ತು. ತಪ್ಪೆಂದು ತಿಳಿದ ಮೇಲೆ ಸುಮ್ಮನಿದ್ದರೆ ಹೊಸದಾಗಿ ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಕಪಾಟು ತೆರೆದು ಹೊಸ ಹಾಳೆ ಹರವಿದೆ.

ಅವರು ಬೆರಳಿನಿಂದ ಕೆಳಗಿನ ಗೆರೆ ಹಿಡಿದು ನಿಧಾನ ಹೋದರು.

“ನಂದು ಮೂರೂವರಿ. ಅಂದ್ರ ನಾ ಈ ಕೆಳಗಿಂದರಾಗ.”

“ಹೌದ್ರಿ.”

“ಇದರಾಗ ನಾ ಎಲ್ಲಿ ಅಂತ ಗೊತ್ತಾಗೂದಿಲ್ಲ?”

“ಗೊತ್ತಾಗೂದಿಲ್ರಿ. ಇದು ಗುಂಪಿನ ಲೆಕ್ಕ. ಇದಕ್ಕ ಯಾರ ಹೆಸರೂ ಗೊತ್ತಿಲ್ಲ.”

ತಲೆಯಾಡಿಸಿದರು. ಮತ್ತೇನೂ ಕೇಳಲಿಲ್ಲ. ನಾನೂ ಮತ್ತೇನೂ ಹೇಳಲಿಲ್ಲ. ಅಲ್ಲಿ ನಾನು ತಪ್ಪಿದೆ. ಎಷ್ಟು ಜನ ಹೋದರು ಎಂದು ತೋರಿಸಿದೆ. ಹೋದವರು ಗಂಟು ಬಂದ ಮೇಲೂ ಬಾರದೆ ಮನೆಯಲ್ಲಿ ಉಳಿದವರು ಎಂಬುದನ್ನು ಹೇಳಲಿಲ್ಲ. ಹಳ್ಳಿಯಿಂದ ಹೊತ್ತು ತಂದ ಮುಖ್ಯ ಸುದ್ದಿಯೇ ಅದಾಗಿತ್ತು. ಹಾಳೆಯ ಮೇಲೆ ಅದಕ್ಕೆ ಜಾಗವಿರಲಿಲ್ಲ, ನನ್ನ ಬಾಯಿಗೂ ಆಗ ಬರಲಿಲ್ಲ.

ಮುಂದಿನ ತಪಾಸಣೆಯ ದಿನ ಅವರು ಬರಲಿಲ್ಲ. ಒಂದು ವಾರ ಬಿಟ್ಟು ಕಾರ್ಡು ಹಾಕಿದೆ. ಉತ್ತರ ಇಲ್ಲ. ಮುಂಜಾನೆ ಆಫೀಸಿಗೆ ಬಂದ ಕೂಡಲೇ ಹೊರರೋಗಿಗಳ ಪಟ್ಟಿಯಲ್ಲಿ ಅವರ ಹೆಸರು ಹುಡುಕುವುದೇ ಕೆಲಸವಾಯಿತು. ಒಂಬತ್ತು ಜನ ತಾವಾಗಿಯೇ ದೂರ ಉಳಿದಿದ್ದರು. ಹತ್ತನೆಯವರನ್ನು ನಾನೇ ಕಳೆದೆನೇನೋ ಎಂದು ಅಂಜಿ, ಅವರ ಮನೆಗೇ ಹೋಗುವುದೆಂದು ನಿಶ್ಚಯಿಸಿದೆ.

ಹೋಗುವ ಮೊದಲು ಒಂದು ಕೆಲಸ ಮಾಡಿದೆ. ಇಪ್ಪತ್ತಮೂರು ಕಾರ್ಡುಗಳನ್ನು ಮತ್ತೆ ಹರಡಿಕೊಂಡು, ಗಂಟು ಕಂಡ ಕೂಡಲೇ ಬಂದು ಅದನ್ನು ತೆಗೆಸಿಕೊಂಡವರನ್ನು ಬೇರೆ ಮಾಡಿದೆ. ನಾಲ್ಕೇ ಜನ. ಅವರಲ್ಲಿ ಇಬ್ಬರು ವರ್ಷಗಳ ನಂತರವೂ ತಪಾಸಣೆಗೆ ಬರುತ್ತಿದ್ದರು. ನಾಲ್ಕು ಜನರ ಮೇಲೆ ಗೆರೆ ಎಳೆಯಲು ಬರುವುದಿಲ್ಲ. ಎಳೆದರೆ ನನ್ನ ಗುರುಗಳೇ ನಗುತ್ತಿದ್ದರು. ಆ ನಾಲ್ಕು ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದೆ.

ಮಾಳಮಡ್ಡಿಯಲ್ಲಿ ಹಳೆಯ ಮನೆಯೊಂದರ ಹಿಂಭಾಗದ ಎರಡು ಕೋಣೆ ಅವರದು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಶಾಲೆಯ ಉತ್ತರಪತ್ರಿಕೆಗಳ ಕಟ್ಟು. ಅಕ್ಕೋರು ಬಾಗಿಲು ತೆರೆದರು. ಸಿಟ್ಟು ಮಾಡಲಿಲ್ಲ. ನೀವು ಹೇಳಿದಿರಿ ಅಲ್ಲವೇ ಎಂದಷ್ಟೇ ಕೇಳಿದರು. ಹೌದು ಎಂದೆ. ಕೂಡ್ರಿಸಿ ನೀರು ಕೊಟ್ಟರು. ಗಂಡ ಕೆಲಸಕ್ಕೆ ಹೋಗುತ್ತಾರೆ, ಊಟ ಮಾಡುತ್ತಾರೆ, ಮಾತು ಮಾತ್ರ ಕಡಿಮೆಯಾಗಿದೆ ಎಂದರು. ಸಂಜೆ ಅವರು ಬಂದು ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಎಡಗಾಲನ್ನು ಸ್ವಲ್ಪ ಹೊರಳಿಸಿ ಇಡುತ್ತಿದ್ದರು. ಹಿಮ್ಮಡಿಯ ನೋವಿಗೆ ಯಾರೂ ಹಾಗೆ ಇಡುವುದಿಲ್ಲ.

ತೊಡೆಸಂದಿಯಲ್ಲಿ ಗಂಟು ಎಂದಿನಿಂದ ಎಂದು ಕೇಳಿದೆ. ಒಂದು ತಿಂಗಳಿನಿಂದ ಎಂದರು. ಅಕ್ಕೋರು ಅವರ ಮುಖ ನೋಡಿದರು. ಅವರಿಗೂ ಅದು ಗೊತ್ತಾದದ್ದು ಆ ಗಳಿಗೆಯಲ್ಲೇ.

“ಆ ಗೆರಿ ಇಳಿಯೂದು ಇಳದ ಇಳೀತೈತಿ,” ಎಂದರು ಟರ್ನರ್. “ಕೊಯ್ಸಿಕೊಂಡು ಯಾಕ ಹಾಸಿಗಿ ಹಿಡೀಲಿ?”

ಆಗ ಹೇಳಿದೆ, ಮೊದಲೇ ಹೇಳಬೇಕಾಗಿದ್ದನ್ನು. ಆ ಐದು ಮನೆಗಳ ಬಾಗಿಲಲ್ಲಿ ಕೇಳಿದ್ದನ್ನು ಒಂದೊಂದಾಗಿ ಹೇಳಿದೆ. ಅವರಿಗೂ ಗಂಟು ಬಂದಿತ್ತು, ಅವರೂ ಮನೆಯಲ್ಲೇ ಉಳಿದರು. ಆಮೇಲೆ ನಾಲ್ಕು ಕಾರ್ಡು ಚಾಪೆಯ ಮೇಲೆ ಇಟ್ಟೆ. ಕೂಡಲೇ ಬಂದವರು ಇಷ್ಟೇ ಜನ, ಇಬ್ಬರು ಇದ್ದಾರೆ, ಇಬ್ಬರು ಇಲ್ಲ. ಇದನ್ನು ಲೆಕ್ಕ ಎನ್ನಲು ಬರುವುದಿಲ್ಲ, ನಾನು ಇದರ ಮೇಲೆ ಯಾವ ಭರವಸೆಯನ್ನೂ ಕೊಡಲಾರೆ ಎಂದೆ. ಅವರು ಕಾರ್ಡುಗಳನ್ನು ಎತ್ತಿಕೊಂಡು, ದಪ್ಪ ಎಷ್ಟಿತ್ತು, ಎಂದು ಬಂದರು, ಒಂದೊಂದನ್ನೂ ಓದಿದರು. ಬದುಕಿದ್ದ ಇಬ್ಬರಲ್ಲಿ ಒಬ್ಬರ ದಪ್ಪ ಅವರದಕ್ಕಿಂತ ಹೆಚ್ಚಿತ್ತು. ಆ ಕಾರ್ಡನ್ನು ಕೈಯಲ್ಲೇ ಹಿಡಿದು ಕುಳಿತರು.

ಅಕ್ಕೋರು ಮಾತಾಡಿದರು. “ನಾಳೆ ಸಾಲಿಗೆ ರಜಾ ಹಾಕತೇನಿ. ಮುಂಜಾನೆ ಮೊದಲನೇ ಬಸ್ಸಿಗೆ ಹೋಗೂಣು.”

ತೊಡೆಸಂದಿಯ ಗ್ರಂಥಿಗಳನ್ನು ತೆಗೆದರು. ಮೂರರಲ್ಲಿ ರೋಗ ಸಿಕ್ಕಿತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಕಾಲು ಬಾತು ಕಂಬದಂತಾಯಿತು. ಆದರೂ ಕೆಲಸಕ್ಕೆ ಹೋದರು. ಮಾಲಕರಿಗೆ ಹೇಳಿ ಮಷೀನಿನ ಪಕ್ಕ ಎತ್ತರದ ಸ್ಟೂಲು ಹಾಕಿಸಿಕೊಂಡು, ಕಾಲನ್ನು ಒಂದು ಪೆಟ್ಟಿಗೆಯ ಮೇಲೆ ಚಾಚಿ ಕುಳಿತು ಕೆಲಸ ಮಾಡಿದರು. ತಪಾಸಣೆಯ ಒಂದು ದಿನವನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ನನ್ನ ಕೋಣೆಗೆ ಬಂದು, ಯಾರಾದರೂ ಬರುವುದನ್ನು ಬಿಟ್ಟಿದ್ದಾರೆಯೇ ಎಂದು ಕೇಳುತ್ತಿದ್ದರು. ಅವರು ಬಾರದೆ ಉಳಿದ ಆ ಪ್ರಸಂಗದ ನಂತರ ಡಾಕ್ಟರರು ಒಂದು ನಿಯಮ ಮಾಡಿದ್ದರು: ಹೇಳಿದ ದಿನ ಬಾರದವರ ಮನೆಗೆ ಹದಿನೈದು ದಿನದೊಳಗೆ ಆಸ್ಪತ್ರೆಯಿಂದ ಒಬ್ಬರು ಹೋಗಲೇಬೇಕು. ಅದಕ್ಕೆ ಕಾರಣ ನೀವೇ ಎಂದು ಟರ್ನರರಿಗೆ ಹೇಳಿದಾಗ, ಆಗಲಿ ಎಂಬಂತೆ ತಲೆಯಾಡಿಸಿದರು.

ಒಂದೂವರೆ ವರ್ಷ ಹಾಗೆ ಹೋಯಿತು. ಎರಡು ಸಾವಿರದ ಇಸವಿ ದಾಟಿತ್ತು. ಒಂದು ತಪಾಸಣೆಗೆ ಬಂದಾಗ ಕೆಮ್ಮುತ್ತಿದ್ದರು. ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ದುಂಡನೆಯ ನೆರಳುಗಳು ಕಂಡವು. ಡಾಕ್ಟರರು ಗಂಡ ಹೆಂಡತಿ ಇಬ್ಬರನ್ನೂ ಕೂಡ್ರಿಸಿಕೊಂಡು, ನನ್ನನ್ನೂ ಕರೆದು, ಏನಿದೆಯೋ ಅದನ್ನು ಹೇಳಿದರು. ವರ್ಷಗಳ ಮಾತು ಇನ್ನಿಲ್ಲ, ತಿಂಗಳುಗಳ ಮಾತು ಎಂದರು. ಉಸಿರಾಟದ ತೊಂದರೆಗೆ, ನೋವಿಗೆ ಏನು ಮಾಡಬಹುದು ಎಂಬುದನ್ನು ಅವಸರ ಮಾಡದೆ ತಿಳಿಸಿದರು. ಟರ್ನರ್ ಕೇಳಿದ್ದು, ಎಷ್ಟು ದಿನ ಕೆಲಸಕ್ಕೆ ಹೋಗಬಹುದು ಎಂದು. ಆಗುವಷ್ಟು ದಿನ ಹೋಗಿರಿ ಎಂದರು. ಅವರು ಇನ್ನೂ ಏಳು ವಾರ ಹೋದರು.

ಕಡೆಗೆ ಹತ್ತು ದಿನ ನಮ್ಮ ವಾರ್ಡಿನಲ್ಲಿದ್ದು, ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಅಕ್ಕೋರು ಕರೆದುಕೊಂಡು ಹೋದರು. ವಾರ್ಡಿನಿಂದ ಫೈಲು ನನ್ನ ಮೇಜಿಗೆ ಬಂತು. ಸೋಮವಾರದ ತಾರೀಖಿನ ಮುಂದೆ ತೀರಿಕೊಂಡರು ಎಂದು ಬರೆದಿತ್ತು. ನಾನು ಕಾರ್ಡಿನಲ್ಲಿ ಅದನ್ನು ತುಂಬಿ, ಹಾಳೆಯ ಮೇಲೆ ಮೆಟ್ಟಿಲು ಇಳಿಸಿ, ಕಪಾಟಿನಲ್ಲಿಟ್ಟೆ. ಮಾಳಮಡ್ಡಿಗೆ ಹೋಗಿ ಬರಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ.

ಮೂರು ವಾರದ ಮೇಲೆ ಅಕ್ಕೋರೇ ಬಂದರು. ಶಾಲೆಗೆ ಹೊರಟವರು, ಹೆಗಲಲ್ಲಿ ಚೀಲವಿತ್ತು. ಕೂಡ್ರಿ ಎಂದರೂ ಕೂಡಲಿಲ್ಲ.

“ಅವರು ಹೇಳಿ ಹೋಗ್ಯಾರ್ರಿ. ‘ನಾ ಹೋದ ತಾರೀಖು ನೀನ ಹೋಗಿ ಬರಿಸಿ ಬಾ, ಆ ಸರ ನಮ್ಮ ಮನಿ ಹುಡುಕೋತ ಬರೂಹಂಗ ಮಾಡಬ್ಯಾಡ’ ಅಂತ.”

ಕಾರ್ಡು ತೆಗೆದೆ. ತಾರೀಖು ಆಗಲೇ ತುಂಬಿದ್ದೇನೆ ಎಂದೆ. ಅವರು ಮೇಜಿನ ಆ ಬದಿಯಿಂದಲೇ ಅದನ್ನು ಓದಿದರು.

“ಇದು ತಪ್ಪೈತ್ರಿ ಸರ. ಸೋಮವಾರ ಮನಿಗೆ ಕರಕೊಂಡು ಹೋದ್ವಿ. ಮಂಗಳವಾರ ಮಧ್ಯಾಹ್ನದ ತನಕ ಇದ್ರು. ಮುಂಜಾನೆ ದಿಂಬಿಗೆ ಒರಗಿ ಕುಂತು ಅರ್ಧ ಕಪ್ ಚಾ ಕುಡದ್ರು. ನನ್ನ ಕೂಡ ಮಾತಾಡಿದ್ರು.”

ಮನೆಗೆ ಕಳಿಸಿದ ದಿನವನ್ನೇ ವಾರ್ಡಿನವರು ಸಾವಿನ ದಿನ ಎಂದು ಬರೆದಿದ್ದರು. ಸೋಮವಾರದ ತಾರೀಖಿಗೆ ಗೆರೆ ಎಳೆದು ಮಂಗಳವಾರದ್ದನ್ನು ಬರೆದೆ. ಬರೆದು ಮುಗಿಯುವವರೆಗೆ ಅವರು ನಿಂತು ನೋಡಿದರು. ಆಮೇಲೆ ನಮಸ್ಕಾರ ಮಾಡಿ ಬಸ್ಸಿನ ಹೊತ್ತಾಯಿತೆಂದು ಹೋದರು.

ಕಪಾಟು ತೆರೆದು ಹಾಳೆ ಹೊರಗೆ ತೆಗೆದೆ. ಹಿಂದೆ ಎಳೆದ ಮೆಟ್ಟಿಲನ್ನು ರಬ್ಬರಿನಿಂದ ಒರೆಸಿ, ಪೆನ್ಸಿಲು ಚೂಪು ಮಾಡಿ, ಒಂದು ದಿನ ಬಲಕ್ಕೆ ಸರಿಸಿ ಮತ್ತೆ ಎಳೆದೆ. ಆ ಹಾಳೆಯಲ್ಲಿ ಒಂದು ಚೌಕ ಅಂದರೆ ಒಂದು ತಿಂಗಳು. ಒಂದು ದಿನ ಅಂದರೆ ಪೆನ್ಸಿಲಿನ ಗೆರೆಯ ದಪ್ಪಕ್ಕಿಂತ ಕಡಿಮೆ. ಮೆಟ್ಟಿಲು ಮೊದಲು ಎಲ್ಲಿತ್ತೋ ಅಲ್ಲಿಯೇ ಬಿತ್ತು.